ಭಯದ ಲಕ್ಷಣಗಳು

ಅಮ್ಮಾ,

ಇವತ್ತು ನಮ್ಮ ಹುಡುಗಿಯರ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತಾ, ವಿಪರೀತ ಭಯದ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಕೈಯೇ ತಣ್ಣಗಾಯಿತು. ಎದೆ ಡವಡವ ಹೊಡೆದುಕೊಂಡು, ಸತ್ತೇ ಹೋಗುತ್ತೇನೆ ಅನ್ನಿಸಿ ಕುಸಿದು ಕೂತೆ. ಕ್ಲಾಸಿನಲ್ಲಿ ಬಾಯೇ ಬಿಡದ ಹಿಂದಿನ ಬೆಂಚಿನವಳು ಓಡಿ ಬಂದು ಕೈ ಹಿಡಿದಳು.

"ಮೇಡಂ, ನನ್ನ ಜೊತೆ ನಿಧಾನಕ್ಕೆ ಉಸಿರು ಬಿಡಿ. ನಾನು ಎಲ್ಲೂ ಹೋಗಲ್ಲ."

ಗಂಟೆ ಹೊಡೆದರೂ ಅವಳು ಕೈ ಬಿಡಲಿಲ್ಲ. ಆಮೇಲೆ ಪರೀಕ್ಷಿಸಿ, ಹೃದಯಕ್ಕೇನೂ ಆಗಿಲ್ಲ, ಬರೀ ಭಯ ಅಂದರು ಡಾಕ್ಟರು.

ನೀನು ಬದುಕಿದ್ದಾಗ ಒಂದು ಮಧ್ಯಾಹ್ನ ಅಡುಗೆಮನೆ ಬಾಗಿಲು ಹಿಡಿದುಕೊಂಡು, "ಎದೆ ಹೊಡ್ಕೋತಿದೆ ಕಣೇ, ಸ್ವಲ್ಪ ಬಾ" ಅಂತ ನನ್ನನ್ನು ಕರೆದಿದ್ದೆ. ಇದೇ ಸೈಕಾಲಜಿ ಪರೀಕ್ಷೆಗೆ ಓದುತ್ತಿದ್ದ ನಾನು ತಲೆಯೆತ್ತದೆ, "ಸುಮ್ನಿರಮ್ಮ, ನಾಟಕ ಬೇಡ" ಅಂದೆ.

ನಾಳೆ ಹತ್ತಕ್ಕೆ ಅದೇ ಕ್ಲಾಸು. ಈಗಲೇ ನಿಧಾನಕ್ಕೆ ಉಸಿರು ಬಿಡುತ್ತಾ ಕೂತಿದ್ದೇನೆ. ಅವತ್ತು ಆ ಬಾಗಿಲಲ್ಲಿ ನೀನು ಎಷ್ಟು ಹೊತ್ತು ಒಬ್ಬಳೇ ನಿಂತಿದ್ದೆಯಮ್ಮಾ?