ಹಾರ್ಮನ್ ಹೆಸರಿನ ಸಾಲು

ಲಾರೆಲ್ ಲಿಕ್, ವರ್ಜೀನಿಯಾ
ಭಾನುವಾರ, ಅಕ್ಟೋಬರ್ ೧೧, ೧೯೩೧

ಪ್ರೀತಿಯ ಡೋವಿಗೆ,

ನಿನ್ನ ಕಾಗದ ಮಂಗಳವಾರ ಕೈಸೇರಿತು. ಹೆಚ್ಚುಕಡಿಮೆ ಮೂರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಬರೆದಿರುವುದು ನಾಲ್ಕೇ ಸಾಲು. ಓಪಲ್‌ಗೆ ಹನ್ನೊಂದು ತುಂಬಿತು, ಗಿರಣಿ ಕೇರಿಯ ಮಕ್ಕಳು ನನ್ನ ಹಾಡು ಹೇಳಿಕೊಂಡು ಅವಳ ಹಿಂದೆ ಬೀಳುತ್ತವೆ, "ಹದಿನಾಲ್ಕು ಜನಾನ ಕೊಂದಿದ್ದು ನಮ್ಮಪ್ಪನಾ?" ಅಂತ ಮೊನ್ನೆ ಕೇಳಿದಳು, ಏನು ಹೇಳಲಿ, ನೀನೇ ಹೇಳು. ಅಷ್ಟೆ. ಕೆಳಗೆ ಹೆಸರೂ ಹಾಕಿಲ್ಲ. ಹಾಕದಿದ್ದರೂ ನಿನ್ನ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ಒಂದೇ ಸ್ಲೇಟಿನಲ್ಲಿ ಬರೆದು ಕಲಿತವರು ನಾವು.

ಐದು ದಿನದಿಂದ ಉತ್ತರ ಬರೆಯಲು ಕೂರುವುದು, ಏಳುವುದು ಇದೇ ಆಗಿದೆ. ಇವತ್ತು ಚರ್ಚಿಗೂ ಹೋಗದೆ ಕೂತಿದ್ದೇನೆ. ಅಮ್ಮ ಹಿತ್ತಿಲಲ್ಲಿ ಸೇಬು ಹೆಚ್ಚುತ್ತಿದ್ದಾಳೆ. ಅವಳು ಒಳಗೆ ಬರುವುದರೊಳಗೆ ಮುಗಿಸಬೇಕು.

ಓಪಲ್‌ಗೆ ಹೇಳು: ಅವಳಪ್ಪ ಅಲ್ಲ. ಹಾರ್ಮನ್ ಯಾರನ್ನೂ ಕೊಲ್ಲಲಿಲ್ಲ. ಅವನು ಹೊಗೆಸೊಪ್ಪು ಅಗಿಯುತ್ತಿದ್ದವನೇ ಹೊರತು ಸೇದುತ್ತಿದ್ದವನಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ರೆಕಾರ್ಡು ಕೇಳುವವರಿಗೆ ಗೊತ್ತಿಲ್ಲ.

ಇಷ್ಟೇ ಬರೆದು ಲಕೋಟೆಗೆ ಹಾಕಿಬಿಡಬಹುದಿತ್ತು. ಆದರೆ ನೀನು ಒಂದು ಸಲ ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದ್ದೇನೆ. ಬರ್ಡೆಟ್ಟನ ಅಂಗಡಿಯ ಮುಂದೆ ಮೊದಲ ಸಲ ಆ ಹಾಡು ಹಾಕಿದ ದಿನ ನೀನು ಮೊಟ್ಟೆ ಮಾರಲು ಬಂದಿದ್ದೆಯಂತೆ. ಬುಟ್ಟಿ ನೆಲಕ್ಕಿಟ್ಟು ಹಾಡು ಮುಗಿಯುವವರೆಗೂ ನಿಂತಿದ್ದು, ಅಲ್ಲಿಂದ ನೇರ ನಮ್ಮ ಮನೆಗೆ ಬಂದೆ. ಒಳಗೆ ಕಾಲಿಡಲಿಲ್ಲ. "ಯಾಕೆ ಅವರ ಹೆಸರು?" ಅಂತ ಕೇಳಿದೆ. "ರಾಗಕ್ಕೆ ಸರಿಯಾಗಿ ಕೂತ್ಕೊಳ್ತು ಕಣೆ" ಅಂದೆ ನಾನು. ನೀನು ನನ್ನ ಮುಖ ನೋಡಿ, ತಿರುಗಿ ಹೋದೆ. ಮರುತಿಂಗಳು ಮಗಳನ್ನು ಕಟ್ಟಿಕೊಂಡು ಕೆರೊಲಿನಾಕ್ಕೇ ಹೊರಟೆ.

ಆ ಹಾಡು ನಾನು ಕಟ್ಟಿದಾಗ ಹನ್ನೊಂದು ನುಡಿ ಇತ್ತು. ಹದಿನಾಲ್ಕು ಜನರಿಗಾಗಿ ಕಟ್ಟಿದ್ದೆ. ಗಣಿ ಸಿಡಿದ ಮೇಲೆ ಅದರ ಬಾಯಲ್ಲಿ ಎರಡು ದಿನ ಕಾದು ನಿಂತಿದ್ದೆವಲ್ಲ, ಆಗಲೇ ಮೊದಲ ನುಡಿ ಬಾಯಿಗೆ ಬಂದಿತ್ತು. ಗಾಳಿ ಎಳೆಯುವ ದೊಡ್ಡ ಫ್ಯಾನು ಎರಡು ದಿನದಿಂದ ಕೆಟ್ಟು ನಿಂತಿದ್ದರೂ ಆಳುಗಳನ್ನು ಒಳಗೆ ಇಳಿಸಿದ್ದರು ಅನ್ನುವುದಕ್ಕೇ ಎರಡು ನುಡಿ ಮೀಸಲಿಟ್ಟಿದ್ದೆ. ಯಾರೋ ಒಬ್ಬ ಕಡ್ಡಿ ಗೀರಿದ ಅನ್ನುವುದಕ್ಕೆ ಅರ್ಧ ನುಡಿ. ಸಮಾಧಿಯ ಹತ್ತಿರ ಹಾಡಿದಾಗ ನನ್ನ ಪಕ್ಕದಲ್ಲಿ ನಿಂತು ನೀನೂ ದನಿಗೂಡಿಸಿದ್ದೆ.

ನ್ಯೂಯಾರ್ಕಿನಿಂದ ರೆಕಾರ್ಡಿನವರು ಬಂದಾಗ ಪೇಟೆಯ ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಇಳಿದಿದ್ದರು. ಆಗಸ್ಟಿನ ಸೆಖೆ. ಹೊರಗಿನ ಸದ್ದು ಬರದಿರಲೆಂದು ಕಿಟಕಿ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿದ್ದರು. ಮೆಟ್ಟಿಲ ಮೇಲೆ ಪಿಟೀಲು, ಬ್ಯಾಂಜೋ ಹಿಡಿದ ಜನ ಸಾಲಾಗಿ ಕೂತಿದ್ದರು. ಒಬ್ಬ ಮುದುಕ ಹೊಸ ಬೂಟು ಹಾಕಿಕೊಂಡು ಬಂದು, ಕಾಲು ಕಚ್ಚುತ್ತದೆಂದು ಕೈಯಲ್ಲಿ ಹಿಡಿದುಕೊಂಡಿದ್ದ. "ದನಿ ತಾನೆ ತಗೊಳ್ಳೋದು, ಕಾಲಲ್ಲವಲ್ಲ" ಅಂತ ಎಲ್ಲರನ್ನೂ ನಗಿಸುತ್ತಿದ್ದ. ನನ್ನ ಸರದಿ ಬರುವಾಗ ಮಧ್ಯಾಹ್ನ ಮೂರು.

ಪ್ರೂಯೆಟ್ ಅಂತ ಒಬ್ಬರು. ಒಳ್ಳೆಯ ಮಾತಿನವರು. ಹಾಡು ಪೂರ್ತಿ ಕೇಳಿ, "ಚೆನ್ನಾಗಿದೆ ಕಣಮ್ಮ. ಆದ್ರೆ ರೆಕಾರ್ಡಿನ ತಟ್ಟೆ ಹಿಡಿಯೋದು ಮೂರೇ ನಿಮಿಷ. ಐದು ನುಡಿ ಮಾಡಿ" ಅಂದರು. ಯಾವುದು ಬಿಡಲಿ ಅಂತ ಕೇಳಿದೆ. ಫ್ಯಾನಿನ ಎರಡೂ ನುಡಿ ತೆಗೆಸಿದರು. "ಯಂತ್ರ ಕೆಟ್ಟಿತು ಅಂದ್ರೆ ಜನಕ್ಕೆ ಅಳು ಬರಲ್ಲ" ಅಂದರು. ಆಮೇಲೆ ಪೆನ್ಸಿಲ್ಲಿನಿಂದ ಒಂದು ಕಡೆ ಗುರುತು ಹಾಕಿ, "ಈ ಯಾರೋ ಒಬ್ಬ ಅನ್ನೋದು ಬೇಡ. ಒಂದು ಹೆಸರು ಇರ್ಲಿ. ಹೆಸರಿದ್ರೇನೆ ಹಾಡು ನಿಲ್ಲೋದು. ಯಾರವನು?" ಅಂತ ಕೇಳಿದರು.

ನಾನು ಗೊತ್ತಿಲ್ಲ ಅನ್ನಬಹುದಿತ್ತು. ಎದ್ದು ಬರಬಹುದಿತ್ತು. ನನ್ನ ದನಿ ತಟ್ಟೆಯ ಮೇಲೆ ಬರಬೇಕು ಅನ್ನುವ ಆಸೆ ಎಷ್ಟಿತ್ತೆಂದರೆ, ಅಲ್ಲಿಂದ ಏಳಲು ನನ್ನ ಕಾಲು ಒಪ್ಪಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಮೊದಲು ನಾಲಿಗೆಯ ತುದಿಗೆ ಬಂದದ್ದು ಹಾರ್ಮನ್ ಹೆಸರಲ್ಲ, ಡೋವಿ. ನನ್ನ ತಮ್ಮನದು.

ಎಸ್ಟಿಲ್ ಅನ್ನುವುದೂ ಆ ರಾಗಕ್ಕೆ ಕೂರುತ್ತದೆ. ಎರಡೇ ಪೆಟ್ಟು. ಈಗಲೂ ಹಾಡಿ ನೋಡು, ಒಂದಿಷ್ಟೂ ಎಡವುವುದಿಲ್ಲ.

ಆ ಮಾರ್ಚಿನ ಬೆಳಗ್ಗೆ ಅವನಿಗೆ ರೊಟ್ಟಿ, ಬೇಯಿಸಿದ ಕಾಳು ಡಬ್ಬಿಗೆ ಹಾಕಿಕೊಟ್ಟವಳು ನಾನು. ಅವನು ಒಲೆಯ ಹತ್ತಿರ ನಿಂತು ಪೈಪಿಗೆ ತಂಬಾಕು ತುಂಬುತ್ತಿದ್ದ. "ಅಲ್ಲೆಲ್ಲ ಗ್ಯಾಸ್ ತುಂಬಿದೆ ಅಂತಿದಾರೆ, ಅದನ್ನ ಇಟ್ಟು ಹೋಗೋ" ಅಂದೆ. "ಹತ್ತು ತಿಂಗಳಿಂದ ತಗೊಂಡು ಹೋಗ್ತಿದೀನಿ, ಏನಾಯ್ತು? ನೀನು ಬ್ಯಾಂಜೋ ಬಾರಿಸ್ಕೊಂಡಿರು, ಗಣಿ ವಿಷಯ ನನಗೆ ಬಿಡು ಅಕ್ಕ" ಅಂತ ನಕ್ಕ. ನಾನೂ ನಕ್ಕೆ. ಅವತ್ತು ಹಾರ್ಮನ್ ಕೆಲಸ ಮಾಡುತ್ತಿದ್ದ ಕಡೆಯೇ ಅವನೂ ಇದ್ದ. ಕೊನೆಗೆ ಅಲ್ಲಿ ಒಂದು ಪೈಪು ಸಿಕ್ಕಿತು, ಯಾರದೆಂದು ಗೊತ್ತಾಗಲಿಲ್ಲ ಅಂತ ತನಿಖೆಯವರು ಬರೆದುಕೊಂಡು ಹೋದರು. ಅದರ ಕಚ್ಚಿದ ತುದಿ ನೋಡಿದ ತಕ್ಷಣ ನನಗೆ ಗೊತ್ತಾಗಿತ್ತು. ಸುಮ್ಮನಿದ್ದೆ.

ಪ್ರೂಯೆಟ್ ಕೇಳಿದಾಗ ನನಗೆ ಅಮ್ಮನ ಮುಖ ಕಂಡಿತು. ಅವಳಿಗಿದ್ದವನು ಒಬ್ಬನೇ ಮಗ. ಊರೂರಲ್ಲಿ ಅವನ ಹೆಸರು ಹಿಡಿದು ಹಾಡಿದರೆ ಅವಳು ಉಳಿಯುವುದಿಲ್ಲ ಅನ್ನಿಸಿತು. ಹಾರ್ಮನ್‌ಗೆ ತಾಯಿ ಇರಲಿಲ್ಲ. ನೀನು ಇದ್ದೆ, ಓಪಲ್ ಇದ್ದಳು. ಆ ಹೊತ್ತಿನಲ್ಲಿ ನನ್ನ ತಲೆಗೆ ನೀವಿಬ್ಬರೂ ಬರಲಿಲ್ಲ. ಇದಕ್ಕೆ ನಾನು ಏನು ಹೇಳಿದರೂ ಹೇಳಿದಂತಾಗುವುದಿಲ್ಲ. ಹಾರ್ಮನ್ ಅಂದೆ. ಯಂತ್ರ ಶುರುವಾದ ಗುರುತಿಗೆ ಕೆಂಪು ದೀಪ ಹತ್ತಿತು, ಹಾಡಿದೆ. ಒಂದೇ ಸಲಕ್ಕೆ ಸರಿಬಂತು ಅಂತ ಅವರು ಕೈಕುಲುಕಿದರು.

ಅದು ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ. ಈಗ ನಮ್ಮ ಕಣಿವೆಯಲ್ಲೇ, ಹಾರ್ಮನ್ ಜೊತೆ ಕೂತು ಉಂಡವರೇ, "ಪಾಪ, ಅವನು ಸೇದಬಾರದಿತ್ತು" ಅನ್ನುತ್ತಾರೆ. ಮನುಷ್ಯ ಸತ್ತು ಐದು ವರ್ಷವಾದರೆ ಅವನ ನೆನಪಿಗಿಂತ ಹಾಡೇ ಗಟ್ಟಿ.

ಹೋದ ವರ್ಷ ಆ ಕಂಪನಿಗೆ ಬರೆದಿದ್ದೆ, ಹೆಸರು ತಪ್ಪಾಗಿದೆ, ಇನ್ನೊಮ್ಮೆ ಹಾಡುತ್ತೇನೆ ಅಂತ. ಅಚ್ಚು ಲೋಹದಲ್ಲಿ ಆಗಿದೆ, ತಿದ್ದಲು ಬರುವುದಿಲ್ಲ, ಹೇಗೂ ಈಗ ಯಾರೂ ರೆಕಾರ್ಡು ಕೊಳ್ಳುತ್ತಿಲ್ಲ, ಪಟ್ಟಿಯಿಂದ ತೆಗೆಯುತ್ತೇವೆ ಅಂತ ಉತ್ತರ ಬಂತು. ತೆಗೆದರೇನು, ಮನೆಮನೆಯಲ್ಲಿ ಇರುವುದು ಇದ್ದೇ ಇದೆ. ನಾನು ನನ್ನದನ್ನು ಒಲೆಗೆ ಹಾಕಿದೆ. ಅದರಿಂದ ನಿನಗೇನೂ ಆಗಲಿಲ್ಲ, ನನ್ನ ಮನೆಯಲ್ಲಿ ಎರಡು ದಿನ ವಾಸನೆ ನಿಂತಿತು ಅಷ್ಟೆ. ಆಮೇಲೆ ಎಲ್ಲೂ ಹಾಡಿಲ್ಲ. ಬ್ಯಾಂಜೋವನ್ನು ಮಾವನ ಮಗನಿಗೆ ಕೊಟ್ಟೆ.

ಓಪಲ್‌ಗೆ ಎಲ್ಲ ಹೇಳು. ನನ್ನ ಹೆಸರು ಹೇಳು, ಎಸ್ಟಿಲ್‌ನದೂ ಹೇಳು. ಒಂದು ಮಾತು ಕೇಳಿಕೊಳ್ಳುತ್ತೇನೆ, ಕೇಳುವ ಹಕ್ಕಿಲ್ಲದಿದ್ದರೂ. <s>ಅಮ್ಮ ಇರುವವರೆಗೆ ಇದು ನಿಮ್ಮಿಬ್ಬರಲ್ಲೇ ಇರಲಿ. ಅವಳಿಗೆ ಎಪ್ಪತ್ತೊಂದಾಯಿತು, ಎದೆ ದುರ್ಬಲ. ಮಗ ಯಾರ ತಪ್ಪಿಗೋ ಸತ್ತ ಅಂದುಕೊಂಡೇ ಹೋಗಲಿ.</s>

ಕ್ಷಮಿಸು ಅಂತ ಬರೆದರೆ ನೀನು ಕಾಗದ ಮಡಚಿಡುತ್ತೀಯ. ಅದಕ್ಕೆ ಬರೆಯುತ್ತಿಲ್ಲ.

ಇಂತಿ ನಿನ್ನ ಜೊತೆ ಅಕ್ಷರ ಕಲಿತ,
ಓರ್ಲೀನಾ

ಮರೆತ ಮಾತಲ್ಲ, ಆಮೇಲೆ ಆದ ಮಾತು. ಸೋಮವಾರ ಬೆಳಗ್ಗೆ:

ನಿನ್ನೆ ಲಕೋಟೆ ಅಂಟಿಸುವಾಗ ಅಮ್ಮ ಬಂದಳು. ಅವಳಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತು. "ಡೋವಿಗಾ? ಓದು" ಅಂದಳು. ಸೇಬಿನ ವಿಷಯ ಬರೆದಿದ್ದೇನೆ ಅಂದೆ. "ಸೇಬಿಗೆ ಯಾರೂ ಐದು ದಿನ ಅಳಲ್ಲ. ಓದು" ಅಂದಳು. ಓದಿದೆ. ಒಂದು ಪದವನ್ನೂ ಹಾರಿಸಲು ಬಿಡಲಿಲ್ಲ, ನಾನು ತಡೆದ ಕಡೆಯಲ್ಲೆಲ್ಲ "ಹೂಂ" ಅನ್ನುತ್ತಿದ್ದಳು.

ಮುಗಿದ ಮೇಲೆ ಕೈ ಒರೆಸಿಕೊಂಡು ಹೇಳಿದಳು: "ಗಣಿ ಬಾಗಿಲಲ್ಲಿ ಜೇಬು ತಡವ್ತಾರೆ ಅಂತ, ಅವನ ಕೋಟಿನ ಕಂಕುಳ ಒಳಗೆ ಪೈಪು ಇಟ್ಕೊಳ್ಳೋಕೆ ಚೀಲ ಹೊಲಿದುಕೊಟ್ಟೋಳು ನಾನು ಕಣೆ. ಕೇಳ್ದ, ಹೊಲಿದೆ. ಮಗ ಕೇಳಿದ್ದಕ್ಕೆ ಇಲ್ಲ ಅನ್ನೋಕಾಗಲಿಲ್ಲ. ನಿನಗೆ ಗೊತ್ತಾಗಬಾರದು ಅಂತ ನಾನಿದ್ದೆ, ನನಗೆ ಗೊತ್ತಾಗಬಾರದು ಅಂತ ನೀನು. ನಮ್ಮಿಬ್ಬರ ಮಧ್ಯೆ ಡೋವಿಯ ಮಗು ಸಿಕ್ಕಿಹಾಕ್ಕೊಳ್ತು."

ಮೇಲೆ 'ಅಮ್ಮ ಇರುವವರೆಗೆ' ಅಂತ ಬರೆದಿದ್ದ ಮೂರು ಸಾಲು ಹೊಡೆದುಹಾಕಿಸಿದವಳೂ ಅವಳೇ. ನನ್ನ ಪಕ್ಕ ನಿಂತು, ಗೆರೆ ಎಳೆಯುವವರೆಗೆ ಹೋಗಲಿಲ್ಲ.

ಕಾಗದದಲ್ಲಿ ಹೇಳುವ ವಿಷಯವಲ್ಲವಂತೆ. ಓಪಲ್‌ಗೆ ತಾನೇ ಹೇಳಬೇಕಂತೆ, ಬೀದಿಯಲ್ಲಿ, ಆ ಮಕ್ಕಳೆಲ್ಲ ಕೇಳುವ ಹಾಗೆ. ನಾನು ಬೇಡವೆಂದರೂ ಕೇಳುತ್ತಿಲ್ಲ, ಈ ಹೊತ್ತಿಗಾಗಲೇ ಕೂದಲು ಬಾಚಿಕೊಂಡು ಕೂತಿದ್ದಾಳೆ. ಗುರುವಾರದ ರೈಲಿಗೆ ಹೊರಡುತ್ತೇವೆ. ನನಗೆ ಬಾಗಿಲು ತೆರೆಯದಿದ್ದರೆ ನಾನು ಹೊರಗೇ ನಿಲ್ಲುತ್ತೇನೆ ಡೋವಿ. ಅವಳಿಗೊಂದು ಕುರ್ಚಿ ಹಾಕು.