ಅನಿಪಾಳ ಒಲೆಯನ್ನು ಒಡೆಯುವ ಮುನ್ನ

ಬೆಂಕಿಗೂ ಹಿಮಕ್ಕೂ ಏಕಕಾಲದಲ್ಲಿ ಒಡೆಯನಾದ, ಕರುಣೆಗೆ ಎಲ್ಲೆಯಿಲ್ಲದ ಆ ಮಹಾಪ್ರಭುವಿನ ನಾಮವನ್ನು ಮೊದಲಾಗಿ ಸ್ಮರಿಸಿ, ಶಾಬಾನ್ ಮಾಸದಲ್ಲಿ, ಚಿಲ್ದೆಯ ನಲವತ್ತು ದಿನಗಳ ಕಡುಚಳಿ ಮುಗಿದ ಮೊದಲ ಶುಕ್ರವಾರ, ಮಧ್ಯಾಹ್ನದ ನಮಾಜಿನ ತರುವಾಯ, ತೆರೆಕ್ತೂ ಓಣಿಯ ಮಸೀದಿಯ ಜಗಲಿಯಲ್ಲಿ ಕುಳಿತು ಬರೆದದ್ದು.

ನಗರದ ಶುಭ್ರವಾಯು ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಓಣಿಯಲ್ಲಿ ಉಳಿದಿರುವ ಕಟ್ಟಕಡೆಯ ಕಲ್ಲಿದ್ದಲಿನ ಒಲೆಯನ್ನು, ಅಂದರೆ ವಿಧವೆ ಅನಿಪಾಳ ಮನೆಯ ಒಲೆಯನ್ನು, ರಮಜಾನಿನ ಚಂದ್ರ ಕಾಣುವುದರೊಳಗಾಗಿ ಒಡೆದುಹಾಕಬೇಕೆಂದು ತಾವು ಆಜ್ಞೆ ಹೊರಡಿಸಿದ್ದೀರಿ. 'ಓಣಿಯ ಹಿರಿಯರ ದೂರಿನ ಮೇರೆಗೆ' ಎಂದು ಅದಕ್ಕೆ ಆಧಾರವನ್ನೂ ತೋರಿಸಿದ್ದೀರಿ. ಆ ದೂರು ಕೊಟ್ಟ ಹಿರಿಯ ನಾನೇ. ಅದನ್ನು ಹಿಂಪಡೆಯಲೆಂದು ತಮ್ಮ ಕಚೇರಿಗೆ ಬಂದಿದ್ದೆ. ದೂರು ಸ್ವೀಕರಿಸುವ ಕಿಟಕಿ ಉಂಟು, ಮರಳಿಸುವ ಕಿಟಕಿ ಇಲ್ಲ ಎಂದು ಅದರ ಹಿಂದೆ ಕುಳಿತಿದ್ದ ಹೆಣ್ಣುಮಗಳು ಬಹು ವಿನಯದಿಂದ ತಿಳಿಸಿದಳು. ಆಡಳಿತದ ಈ ವಾಸ್ತುಶಿಲ್ಪಕ್ಕೆ ತಲೆಬಾಗಿ, ಈಗ ಪತ್ರಿಕೆಯ ಬಾಗಿಲನ್ನು ತಟ್ಟುತ್ತಿದ್ದೇನೆ.

ಒಲೆಯ ಬದಲಿಗೆ ತಾವು ಕೊಡುವ ಹೀಟ್ ಪಂಪಿನ ವೈರಿ ನಾನು ಎಂದು ತಾವು ಭಾವಿಸಬಾರದು. ಕಳೆದ ಶರತ್ಕಾಲದಲ್ಲಿ ತಮ್ಮವರು ಓಣಿಯ ಮಾದರಿ ಮನೆಯೆಂದು ನನ್ನ ಮನೆಯನ್ನೇ ಆರಿಸಿ, ಹೊರಗೋಡೆಗೆ ಆ ಬಿಳಿಯ ಪೆಟ್ಟಿಗೆಯನ್ನು ಕೂರಿಸಿದರು. ಹಿಮ ಬೀಳುವ ಗಾಳಿಯಲ್ಲಿಯೂ ಅಡಗಿರುವ ಅಷ್ಟಿಷ್ಟು ಶಾಖವನ್ನು ಹೆಕ್ಕಿ, ಒಟ್ಟುಗೂಡಿಸಿ, ಮನೆಯೊಳಗೆ ತಂದು ಸುರಿಯುವ ಅದರ ಕೌಶಲವನ್ನು ತಮ್ಮ ಎಂಜಿನಿಯರು ವಿವರಿಸಿದಾಗ, ಚಳಿಯ ಮಡಿಲಲ್ಲಿಯೂ ಬೆಚ್ಚಗಿನದೊಂದು ಪಾಲನ್ನು ಬಚ್ಚಿಟ್ಟ ಸೃಷ್ಟಿಕರ್ತನನ್ನು ನೆನೆದು ನನ್ನ ಕಣ್ಣು ಒದ್ದೆಯಾಯಿತು. ನನ್ನ ಹೆಂಡತಿ ಬುರ್ಮಾಕಾನಳಿಗೆ ಅಂಥ ಭಾವುಕತೆ ಇಲ್ಲ.

"ಅಲ್ಲಾ ಮಗನೇ, ಈ ಡಬ್ಬ ಒಳಗಿನ ಚಳೀನ ಹೊರಗೆ ಹಾಕುತ್ತೋ, ಹೊರಗಿನ ಚಳೀನ ಒಳಗೆ ತರುತ್ತೋ? ಸರಿಯಾಗಿ ನೋಡಿ ತಿರುಗಿಸಿ ಕೂರಿಸಪ್ಪಾ," ಎಂದು ಎಂಜಿನಿಯರನಿಗೆ ಹೇಳಿದಳು. ನನ್ನ ಕಡೆ ತಿರುಗಿ, "ನಿಮ್ಮ ಕಣ್ಣೀರು ಆಮೇಲೆ. ಮೊದಲು ನನ್ನ ಕಾಲು ಬಿಸಿ ಆಗ್ಲಿ," ಎಂದಳು.

ಕಾಲು ಬಿಸಿಯಾಯಿತು, ಮಾನ್ಯರೇ. ತಂತಿ ಕೆಂಪಾಗಿ ಉರಿಯುವ ಹಳೆಯ ಹೀಟರು ನುಂಗುತ್ತಿದ್ದುದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಮನೆಯೆಲ್ಲ ಬೆಚ್ಚಗಾಯಿತು. ಬುರ್ಮಾಕಾನ್ ಮುಂಜಾನೆಯೆದ್ದು ಬೂದಿಯ ಬಕೆಟ್ಟು ಹೊತ್ತು ಮಂಜುಗಡ್ಡೆಯ ಮೇಲೆ ನಡೆಯುವುದು ತಪ್ಪಿತು. ಒಂದೊಂದಾಗಿ ಬೇರೆ ಮನೆಗಳೂ ಪಂಪ್ ಹಾಕಿಸಿಕೊಂಡ ಮೇಲೆ, ಓಣಿಯ ಹಿಮ ಬಿದ್ದ ಮರುದಿನವೂ ಬೆಳ್ಳಗೇ ಇತ್ತು. ನಮ್ಮಲ್ಲಿ ಹಿಮವೆಂದರೆ ಸಂಜೆಯೊಳಗೆ ಬೂದುಬಣ್ಣಕ್ಕೆ ತಿರುಗುವ ಪದಾರ್ಥವೆಂದೇ ಬೆಳೆದ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಬೆಳಗಿನ ನಮಾಜಿನ ಸಾಲಿನಲ್ಲಿ ಕೆಮ್ಮು ಕಡಿಮೆಯಾಯಿತು. ಇವನ್ನೆಲ್ಲ ಅಲ್ಲಗಳೆದರೆ ದೇವರು ಮೆಚ್ಚುವುದಿಲ್ಲ.

ಆದರೆ ಈ ಪೆಟ್ಟಿಗೆಯ ದೋಷಗಳನ್ನೂ ತಾವು ತಮ್ಮ ಬಣ್ಣದ ಕರಪತ್ರದಲ್ಲಿ ಅಚ್ಚು ಹಾಕಿಸಬಹುದಿತ್ತು. ಚಳಿ ಏರಿದಂತೆಲ್ಲ ಮನೆಗೆ ಬೇಕಾಗುವ ಶಾಖ ಹೆಚ್ಚುತ್ತದೆ, ಪೆಟ್ಟಿಗೆಯ ಶಕ್ತಿಯೋ ಕುಂದುತ್ತದೆ. ಅದು ಕುಡಿಯುವ ವಿದ್ಯುತ್ತು ಮಾತ್ರ ಏರುತ್ತಲೇ ಇರುತ್ತದೆ. ತನ್ನ ಮೈಗೆ ಹಿಡಿದ ಹಿಮವನ್ನು ಕರಗಿಸಿಕೊಳ್ಳಲು ಅದು ಆಗಾಗ ಕೆಲಸ ನಿಲ್ಲಿಸುತ್ತದೆ. ಕರಗಿದ ನೀರು ಓಣಿಗೆ ಹರಿದು ಗಾಜಿನಂತೆ ಹೆಪ್ಪುಗಟ್ಟುತ್ತದೆ. ನಮ್ಮ ಹಸಿ ಇಟ್ಟಿಗೆಯ ಗೋಡೆಗಳಿಗೆ ಬೆಚ್ಚನೆಯ ಹೊದಿಕೆಯಿಲ್ಲದೆ ಎಷ್ಟು ಶಾಖ ತುಂಬಿದರೂ ಅದು ತೂತಿನ ಕೊಡದ ನೀರು. ಅದರ ಮೇಲೆ ಚಹಾ ಕುದಿಯುವುದಿಲ್ಲ, ಒದ್ದೆ ಬೂಟು ಒಣಗುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ತಂತಿಯಲ್ಲಿ ವಿದ್ಯುತ್ತು ನಿಂತ ಗಳಿಗೆಗೆ ಅದು ಗೋಡೆಗೆ ತೂಗುಹಾಕಿದ ಖಾಲಿ ಪೆಟ್ಟಿಗೆ.

ಇಷ್ಟಾಗಿಯೂ, ಹಳೆಯ ಒಲೆಯೊಂದು ಪಕ್ಕದಲ್ಲಿದ್ದಿದ್ದರೆ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆದರೆ ಸಹಾಯಧನ ಬೇಕಾದವರು ಒಲೆಯನ್ನು ಒಡೆದು, ಅದರ ಮೇಲಿನ ಎರಕದ ಕಬ್ಬಿಣದ ಹಲಗೆಯನ್ನು ಸಾಕ್ಷಿಯಾಗಿ ತಮ್ಮ ಕಚೇರಿಗೆ ತಂದೊಪ್ಪಿಸಬೇಕೆಂದು ತಾವು ಷರತ್ತು ವಿಧಿಸಿದಿರಿ. ಒಲೆಯೆಂದರೆ ನಮಗೇನೆಂದು ತಮಗೆ ಗೊತ್ತು. ತಾವೂ ಯಾವುದೋ ಒಲೆಯ ಮುಂದೆ ತೆವಳಿ ಬೆಳೆದವರೇ. ಮನೆಗೆ ಬಂದ ಸೊಸೆ ಮೊದಲು ಬಾಗುವುದು ಆ ಬೆಂಕಿಗೆ. ಅದನ್ನು ಒಡೆಯಲು ಯಾರ ಕೈಯೂ ಏಳದು ಎಂದು ಅರಿತೇ ತಾವು ನನ್ನ ಮನೆಗೆ ಬಂದಿರಿ. ಹಿರಿಯನೊಬ್ಬ ಅಂಗೈ ತೆರೆದು ಪ್ರಾರ್ಥಿಸಿ ಬಾತಾ ಎಂಬ ಹರಕೆ ಕೊಟ್ಟುಬಿಟ್ಟರೆ, ಅದರ ಮೇಲೆ ಎದುರುತ್ತರ ಕೊಡುವುದು ನಮ್ಮಲ್ಲಿ ಇಲ್ಲ. ತಮಗೆ ಬೇಕಿದ್ದದ್ದು ನನ್ನ ಗೋಡೆಯಲ್ಲ, ನನ್ನ ಎರಡು ಅಂಗೈ.

ಅಂದು ತಾವು ನನ್ನ ಮನೆಯಲ್ಲಿ ಗೌರವಸ್ಥಾನದಲ್ಲಿ ಕುಳಿತು ಮಾಂಸದ ಸಾರು ಸವಿಯುತ್ತ, "ಓಣಿಯ ಟ್ರಾನ್ಸ್‌ಫಾರ್ಮರ್ ಇಷ್ಟು ಪಂಪುಗಳನ್ನ ತಡೆಯೋದು ಸ್ವಲ್ಪ ಕಷ್ಟ ಮೊಲ್ದೊಕೆ, ವಸಂತದಲ್ಲಿ ಬದಲಾಯಿಸ್ತೀವಿ," ಎಂದಿರಿ. ಮುಲ್ಲಾನೆಂಬ ಗೌರವದಿಂದ ಓಣಿಯವರು ಕರೆಯುವಂತೆ ತಾವೂ ನನ್ನನ್ನು ಮೊಲ್ದೊಕೆ ಎಂದೇ ಕರೆದಿರಿ. ನಾನು ತಲೆಯಾಡಿಸಿದೆ. ವಸಂತಕ್ಕಿಂತ ಮೊದಲು ಚಳಿಗಾಲ ಬರುತ್ತದೆಂಬ ಗಹನವಾದ ಸತ್ಯ ತಮ್ಮ ಇಲಾಖೆಗೂ ನನ್ನ ವೃದ್ಧಾಪ್ಯಕ್ಕೂ ಒಟ್ಟಿಗೇ ಮರೆತುಹೋಗಿತ್ತೇ? ಮರೆತಿರಲಿಲ್ಲ. ಮಾದರಿ ಮನೆಯ ಯಜಮಾನನೆಂಬ ಹೆಸರು ನನಗೆ ಹಿತವಾಗಿತ್ತು. ಮುಂದಿನ ಶುಕ್ರವಾರ ಮಸೀದಿಯ ಅಂಗಳದಲ್ಲಿ ಟ್ರಾನ್ಸ್‌ಫಾರ್ಮರಿನ ಸುದ್ದಿಯೆತ್ತದೆ, ಒಲೆ ಒಡೆಯುವ ಕಾರ್ಯಕ್ಕೆ ಅಂಗೈ ತೆರೆದೆ. ಗಂಡಸರೆಲ್ಲ ಮುಖ ಸವರಿಕೊಂಡು ಓಮಿನ್ ಎಂದರು.

ಗೇಟಿನ ಬಳಿ ನಿಂತಿದ್ದ ಅನಿಪಾ ಮಾತ್ರ ಅನ್ನಲಿಲ್ಲ. "ನನ್ನ ಸೊಸೆ ಚಿನಾರ್ ಆ ಒಲೆಗೆ ಬಾಗಿ ಮನೆಯೊಳಗೆ ಬಂದೋಳು ಮೊಲ್ದೊಕೆ. ನನ್ನ ಗಂಡ ಅದರ ಮುಂದೇನೇ ಕಣ್ಮುಚ್ಚಿದ್ದು. ನಿಮ್ಮ ಡಬ್ಬಕ್ಕೆ ಯಾರಾದ್ರೂ ಬಾಗ್ತಾರಾ? ಬಾಗಿದ್ರೆ ಹೊರಗೆ ನಿಂತು ಬಾಗ್ಬೇಕು, ಕಿವಿಗೆ ಗಾಳಿ ಹೊಡೆಯುತ್ತೆ!"

ಜನ ನಕ್ಕರು. ನನಗೆ ಮುಖಭಂಗವಾಯಿತು. "ನಿನ್ನ ಹೊಗೆ ಪಕ್ಕದ ಮನೆಯ ಮಕ್ಕಳ ಎದೆಯಲ್ಲಿ ಕೂರುತ್ತೆ ಅನಿಪಾ. ನಾಳೆ ದೇವರ ಮುಂದೆ ಏನು ಹೇಳ್ತೀಯ?" ಎಂದು ಎಲ್ಲರೆದುರು ಗದರಿದೆ. ಓಣಿಗೆಲ್ಲ ಕೇಳುವಂತೆ ಸಾರಿಯೇ ತಮಗೆ ದೂರು ಕೊಟ್ಟೆ. ಇದರಲ್ಲಿ ನನ್ನ ವೇದನೆಯೇನೆಂದರೆ, ಅಂದು ನಾನು ಆಡಿದ ಮಾತು ಸುಳ್ಳಲ್ಲ. ಅವಳ ಹೊಗೆ ಮಕ್ಕಳ ಎದೆಯಲ್ಲಿ ಕೂರುತ್ತಿದ್ದದ್ದು ನಿಜವೇ. ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡೇ ಮನುಷ್ಯ ಎಷ್ಟು ದೊಡ್ಡ ತಪ್ಪು ಮಾಡಬಲ್ಲನೆಂಬುದು ನನಗೆ ಆಮೇಲೆ ತಿಳಿಯಿತು.

ಚಿಲ್ದೆಯ ನಡುವಿನಲ್ಲಿ, ಉಗುಳಿದ್ದು ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟುವಂಥ ಚಳಿ ಇಳಿಯಿತು. ಓಣಿಯ ಪಂಪುಗಳೆಲ್ಲ ಏಕಕಾಲಕ್ಕೆ ಏದುಸಿರು ಬಿಟ್ಟವು. ಮಧ್ಯಾಹ್ನದ ಹೊತ್ತಿಗೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಒಮ್ಮೆ ಸಿಡಿದು, ಕಪ್ಪಗಾಗಿ, ಸುಮ್ಮನಾಯಿತು. ತಮ್ಮ ಕಚೇರಿಗೆ ಕರೆ ಮಾಡಿದೆವು. ಹೊಸದು ಬರುವವರೆಗೆ ಮನೆಯಲ್ಲಿಯೇ ಬೆಚ್ಚಗಿರಿ ಎಂಬ ಸಲಹೆ ಬಂತು. ಆ ಸಲಹೆಗೆ ಕೃತಜ್ಞನಾಗಿದ್ದೇನೆ.

ನನ್ನೆದುರು ಮನೆಯ ದೋಲೋತನ ಹೆಣ್ಣುಕೂಸಿಗೆ ಆಗ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ನನ್ನ ಅಂಗೈಯನ್ನು ನಂಬಿ ಮೊದಲು ಒಲೆ ಒಡೆದವನು ಅವನೇ. ಸಂಜೆಯಾಗುತ್ತಲೇ ಕೂಸನ್ನು ಅಂಗಿಯೊಳಗೆ ಎದೆಗವಚಿಕೊಂಡು ನನ್ನ ಬಾಗಿಲಿಗೆ ಬಂದ.

"ಮೊಲ್ದೊಕೆ, ಅಳೋದನ್ನ ನಿಲ್ಲಿಸ್ಬಿಟ್ಟಿದೆ. ತುಟಿ ನೋಡಿ. ನಿಮ್ಮ ಮನೆ ಬೆಚ್ಚಗಿದೆಯಾ?"

ಮಾದರಿ ಮನೆಯ ಗೋಡೆಯೊಳಗೆ ನಮ್ಮಿಬ್ಬರ ಉಸಿರೂ ಬಿಳಿಯಾಗಿ ಕಾಣುತ್ತಿತ್ತು. ಕೂಸಿನ ತುಟಿ ನೀಲಿಯಾಗಿತ್ತು. ಬುರ್ಮಾಕಾನಳೇ ಶಾಲು ಹೊದ್ದು, "ನಿಂತು ನೋಡ್ತೀರೇನು, ಹೊಗೆ ಕಾಣೋ ಕಡೆ ನಡೀರಿ!" ಎಂದಳು. ಇಡೀ ಓಣಿಯಲ್ಲಿ ಹೊಗೆ ಕಾಣುತ್ತಿದ್ದದ್ದು ಒಂದೇ ಚಿಮಣಿಯಲ್ಲಿ.

ನಾವು ಹೋಗುವಷ್ಟರಲ್ಲಿ ಓಣಿಯ ಅರ್ಧ ಜನ ಅಲ್ಲಿದ್ದರು. ಚಿನಾರ್ ಕೂಸನ್ನು ಕಸಿದುಕೊಂಡು, ತನ್ನ ಮೈಗೊತ್ತಿ, ಒಲೆಯ ಪಕ್ಕ ಕುಳಿತಳು. ನಾನು ಹೊಸ್ತಿಲಲ್ಲೇ ನಿಂತೆ. ಅನಿಪಾ ನೋಡಿದಳು.

"ಒಳಗೆ ಬನ್ನಿ ಮೊಲ್ದೊಕೆ. ಹೊಗೆ ಗಡ್ಡಕ್ಕೆ ಹತ್ತೀತು ಅಂತ ಭಯಾನಾ?"

"ಇಲ್ಲೇ ಕೂರ್ತೀನಿ ಅನಿಪಾ. ಬಾಗಿಲ ಹತ್ರಾನೇ ಸರಿ."

"ಬಾಗಿಲ ಹತ್ರ ಕೂತ್ರೆ ಗಾಳಿ ಒಳಗೆ ಬರುತ್ತೆ, ಕೂಸಿದೆ. ನಾಟಕ ಸಾಕು, ಮೇಲೆ ಹೋಗಿ ಕೂತ್ಕೊಳಿ."

ಬಾಗಿಲಿಗೆದುರಾದ ಗೌರವಸ್ಥಾನದಲ್ಲಿ ನನ್ನನ್ನು ಕೂರಿಸಿ, ಮೊದಲ ಬಟ್ಟಲು ಚಹಾ ನನಗೇ ಕೊಟ್ಟಳು. ಆ ಬಟ್ಟಲಿನಷ್ಟು ಭಾರವಾದುದನ್ನು ಈ ಕೈಗಳು ಎಂದೂ ಎತ್ತಿಲ್ಲ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಆ ಅಳುವಿನಂಥ ಇಂಪಾದ ಪಠಣವನ್ನು ನಾನು ಯಾವ ಮಸೀದಿಯಲ್ಲಿಯೂ ಕೇಳಿರಲಿಲ್ಲ.

ಹೊಸ ಟ್ರಾನ್ಸ್‌ಫಾರ್ಮರ್ ಬರಲಿಲ್ಲ. ವಾರ ಕಳೆದ ಮೇಲೆ, ಎಲ್ಲಿಂದಲೋ ಕಿತ್ತುತಂದ ಹಳೆಯದೊಂದು ಬಂತು. ಅಷ್ಟರವರೆಗೂ ಓಣಿಯ ಮಕ್ಕಳೆಲ್ಲ ಅನಿಪಾಳ ಮನೆಯಲ್ಲಿಯೇ ಮಲಗಿದರು. ಕೂಸಿಗೆ ನಲವತ್ತು ತುಂಬಿದ ದಿನ, ನಲವತ್ತು ಚಮಚ ನೀರು ಹೊಯ್ಯುವ ಶಾಸ್ತ್ರಕ್ಕೆ ನೀರು ಕಾದದ್ದು ಆ ಒಲೆಯ ಮೇಲೆಯೇ. ಮಿಂದ ಕೂಸು ಕೆಮ್ಮಿತು. ಎಲ್ಲರ ಕಣ್ಣೂ ಒಲೆಯ ಕಡೆ ಹೊರಳಿತು. ಆಗ ಅನಿಪಾ ಆಡಿದ ಮಾತನ್ನು ತಾವು ದಯವಿಟ್ಟು ಕಡತಕ್ಕೆ ಸೇರಿಸಿಕೊಳ್ಳಬೇಕು.

"ನನ್ನ ಒಲೆ ಒಳ್ಳೇದು ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಬೆಚ್ಚಗಿದೆ, ಅಷ್ಟೇ."

ಅದಾದ ಕೆಲವೇ ದಿನಗಳಲ್ಲಿ ತಮ್ಮ ಆಜ್ಞೆ ಬಂತು. ಒಲೆಯಿನ್ನೂ ಆರಿರಲಿಲ್ಲ. ನಾನು ಅವಳ ಮನೆಗೆ ಹೋಗಿ, ನನ್ನದೇ ಪಾಪ, ನಾನೇ ತೊಳೆಯುತ್ತೇನೆ ಎಂದೆ. "ತೊಳೀರಿ," ಎಂದಳು ಅವಳು, "ಆದ್ರೆ ಬೇಗ. ರಮಜಾನಿಗೆ ಎಣ್ಣೇಲಿ ಬೋರ್ಸೋಕ್ ರೊಟ್ಟಿ ಕರೀಬೇಕು."

ಮಾನ್ಯರೇ, ಈಗ ನನ್ನ ಬೇಡಿಕೆ. ಅನಿಪಾಳ ಒಲೆಯ ಮೇಲಿನ ಆಜ್ಞೆಯನ್ನು ಹಿಂಪಡೆಯಿರಿ. ನನ್ನ ದೂರು ಇನ್ನಿಲ್ಲವೆಂದು ಓಣಿಗೆಲ್ಲ ಕೇಳುವಂತೆ, ಕೊಟ್ಟಾಗ ಸಾರಿದಂತೆಯೇ, ಇಲ್ಲಿ ಸಾರುತ್ತಿದ್ದೇನೆ. ಮೊದಲು ಟ್ರಾನ್ಸ್‌ಫಾರ್ಮರ್ ಬದಲಾಯಿಸಿ, ಗೋಡೆಗಳಿಗೆ ಹೊದಿಕೆ ಹೊದಿಸಿ, ಆಮೇಲೆ ಪಂಪುಗಳನ್ನು ಕೊಡಿ; ನಾವು ಸಂತೋಷದಿಂದ ಪಡೆಯುತ್ತೇವೆ, ಅನಿಪಾಳೂ ಪಡೆದಾಳು. ಕಂಬದ ಮೇಲಿನ ಯಂತ್ರ ಒಂದಿಡೀ ಚಿಲ್ದೆಯನ್ನು ದಾಟುವವರೆಗೆ, ಒಡೆದ ಒಲೆಗಳನ್ನು ಮತ್ತೆ ಕಟ್ಟಿಕೊಳ್ಳಲು ಬಿಡಿ. ತಮ್ಮ ಉಗ್ರಾಣದಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಹಲಗೆಗಳನ್ನು ಮರಳಿಸಿ. ದೋಲೋತನದು ಮೊದಲು.

ಇಷ್ಟಕ್ಕೂ ಮೀರಿ ತಮ್ಮವರು ಸುತ್ತಿಗೆ ಹಿಡಿದು ಬರುವುದಾದರೆ ಬರಲಿ. ಅವರೂ ನಮ್ಮ ಮಕ್ಕಳೇ. ಕೆಲಸಕ್ಕೆ ಕೈಹಚ್ಚುವ ಮೊದಲು ಹಿರಿಯನ ಬಾತಾ ಕೇಳಿಯೇ ಕೇಳುತ್ತಾರೆ. ನಾನು ಆ ಒಲೆಯ ಮುಂದೆ ಕುಳಿತಿರುತ್ತೇನೆ. ಅಂದು ನನ್ನ ಅಂಗೈಗಳು ಮುಚ್ಚಿರುತ್ತವೆ.

ಇಂತಿ,
ಒಲೆಯಿಲ್ಲದ ಮಾದರಿ ಮನೆಯ ಯಜಮಾನ, ನೆರೆಮನೆಯ ಬೆಂಕಿಗೆ ಋಣಿ,
ಎಸೆನ್‌ಕುಲ್ ಮೊಲ್ದೊ
ತೆರೆಕ್ತೂ ಓಣಿ

ಹರಕೆಯಿಲ್ಲದೆ ಮೇಲೇಳುವ ಅಭ್ಯಾಸ ನಮಗಿಲ್ಲ. ಆದ್ದರಿಂದ ಇದೊಂದಕ್ಕೆ ಅಂಗೈ ತೆರೆಯುತ್ತಿದ್ದೇನೆ. ಅನಿಪಾಳ ಮನೆಯ ಬೆಂಕಿ ಆರದಿರಲಿ, ಅದರ ಹೊಗೆ ಕರಗಲಿ. ದೋಲೋತನ ಮಗಳು ಬಿಳಿಯ ಹಿಮದಲ್ಲಿ ಓಡಾಡುವಷ್ಟು ಬೆಳೆಯಲಿ. ಕಂಬ ಹತ್ತುವವನ ಕೈ ಮರಗಟ್ಟದಿರಲಿ. ಮಾನ್ಯರೇ, ತಮ್ಮ ಮನೆಯೂ ಬೆಚ್ಚಗಿರಲಿ, ತಮ್ಮ ಮಕ್ಕಳ ತುಟಿ ಎಂದೂ ನೀಲಿಯಾಗದಿರಲಿ. ತಪ್ಪು ಮಾಡಿದವನಿಗೂ ತಪ್ಪು ಮಾಡಿಸಿದವರಿಗೂ ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆಯುವಂಥ ನೆರೆಮನೆಯನ್ನು ಆ ದಯಾಳು ಅನುಗ್ರಹಿಸಲಿ. ಓಮಿನ್.