ನಾಲ್ಕು ನಿಮಿಷ ಮೊದಲೇ ಅಲ್ಲಾಡಿದ ಕೀಲಿಕೈ

ಅಮ್ಮನ ಹೊಟ್ಟೆಯೊಳಗೆ ಬೆಚ್ಚಗೆ ಮಲಗಿರುವ ನನ್ನ ಕಡಲೆಬೀಜವೇ,

ನಿನಗಿನ್ನೂ ಹೆಸರಿಟ್ಟಿಲ್ಲ. ಮೊದಲ ಸಲ ಸ್ಕ್ಯಾನಿಂಗ್ ಪರದೆಯ ಮೇಲೆ ಕಂಡಾಗ ಕಡಲೆಬೀಜದ ಹಾಗಿದ್ದೆ, ಅದೇ ಹೆಸರು ನಿಂತಿದೆ. ನೀನು ಬರಲು ಇನ್ನೂ ಹತ್ತು ವಾರವಿದೆ. ಅಷ್ಟರೊಳಗೆ ನಿನ್ನ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನ ಟೋಪಿಯನ್ನು ನಾನು ನಿನ್ನೆ ಸೋತುಬಿಟ್ಟೆ.

ನಮ್ಮದು ಲೂಪ್ ಕ್ರೀಕ್ ಕಾಲೇಜು, ಕೆಂಪು ಬಣ್ಣ. ನಿನ್ನ ಅಜ್ಜ ಡ್ವೇನ್ ಹುಟ್ಟಿದಾಗ ಅವರಮ್ಮ ಒಂದು ಕೆಂಪು ಉಣ್ಣೆ ಟೋಪಿ ಹೆಣೆದಿದ್ದರು. ಅಜ್ಜ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದನ್ನು ಹಾಕಿಕೊಂಡು. ನಾನೂ ಹಾಗೆಯೇ ಬಂದೆ. ನಿನ್ನ ಸರದಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ನಿನ್ನ ಅಮ್ಮ ಶೆಲ್ಬಿಯನ್ನು ಬಿಟ್ಟು. ಅವಳು ಓದಿದ್ದು ನದಿಯಾಚೆಯ ಹಾರ್ಲೋ ಕಾಲೇಜಿನಲ್ಲಿ. ಅವರದು ಹಸಿರು. ಮೂವತ್ತು ಮಾತಿಗೆ ಒಂದು ಸಲವಾದರೂ ಅದನ್ನು ನೆನಪಿಸದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಹಾಗಾಗಿ ಎರಡೂ ಕಾಲೇಜುಗಳು ಪ್ರತಿ ವರ್ಷ ಆಡುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮೇಲೆ ಪಣ ಕಟ್ಟಿದೆವು. ಗೆದ್ದವರ ಬಣ್ಣದ ಟೋಪಿಯಲ್ಲಿ ನೀನು ಮನೆಗೆ ಬರಬೇಕು. ನಾನು ಎಷ್ಟು ಧೈರ್ಯವಾಗಿ ಕೈಕುಲುಕಿದೆ ಎಂದರೆ, ಈಗ ನೆನೆಸಿಕೊಂಡರೆ ನನ್ನ ಕೈಯ ಮೇಲೇ ಸಿಟ್ಟು ಬರುತ್ತದೆ.

ಈಗ ಕೀಲಿಕೈ ವಿಷಯ. ನಮ್ಮ ಗ್ಯಾಲರಿಯಲ್ಲಿ ಗೆಲುವು ಖಾತ್ರಿಯಾದಾಗ ಎಲ್ಲರೂ ಕಾರಿನ ಕೀಲಿಕೈ ತೆಗೆದು ಎದುರಾಳಿಗಳ ಕಡೆಗೆ ಗಲಗಲ ಅಲ್ಲಾಡಿಸುತ್ತೇವೆ. ಆಟ ಮುಗಿಯಿತು, ಗಾಡಿ ಹತ್ತಿ ಮನೆಗೆ ಹೊರಡಿ ಎಂದರ್ಥ. ಆದರೆ ಗಡಿಯಾರದಲ್ಲಿ ಕೊನೆಯ ಒಂದು ನಿಮಿಷ ಉಳಿಯುವವರೆಗೆ ಯಾರೂ ಜೇಬಿಗೆ ಕೈಹಾಕುವ ಹಾಗಿಲ್ಲ. ಮೊದಲೇ ತೆಗೆದರೆ ಕೆಟ್ಟದಾಗುತ್ತದೆ ಎಂದು ಇಡೀ ಊರು ನಂಬಿದೆ.

ನಿನ್ನೆ ನಾವು ಇಪ್ಪತ್ತೇಳು, ಅವರು ಹದಿನಾಲ್ಕು. ಇನ್ನೂ ನಾಲ್ಕು ನಿಮಿಷ ಬಾಕಿ. ಪಕ್ಕದಲ್ಲಿ ಹಸಿರು ಸ್ವೆಟರಿನಲ್ಲಿ, ನಿನ್ನ ಮೇಲೆ ಪಾಪ್‌ಕಾರ್ನ್ ಪೊಟ್ಟಣ ಇಟ್ಟುಕೊಂಡು ಕೂತಿದ್ದ ನಿನ್ನ ಅಮ್ಮನ ಮುಖ ಸಣ್ಣಗಾಗಿತ್ತು. ನನಗೆ ತಡೆಯಲಾಗಲಿಲ್ಲ. ಕೀಲಿಕೈ ತೆಗೆದು ಅವಳ ಮೂಗಿನ ಕೆಳಗೇ ಅಲ್ಲಾಡಿಸಿದೆ.

"ಲೋ ಗ್ಯಾರೆಟ್! ಜೇಬಿಗೆ ಹಾಕೋ ಅದನ್ನ!" ಅಜ್ಜ ಎದ್ದು ನಿಂತು ಕೂಗಿದರು. "ಇನ್ನೂ ನಾಲ್ಕು ನಿಮಿಷ ಇದೆ, ಮಾರಾಯ!"

"ಹದಿಮೂರು ಪಾಯಿಂಟ್ ಮುಂದಿದೀವಿ ಅಪ್ಪ. ಇನ್ನೇನಾಗತ್ತೆ, ಬಿಡಿ."

ಏನಾಗಬಾರದೋ ಅದೆಲ್ಲ ಆಯಿತು. ಅವರು ಏಳು ಅಂಕ ಹೊಡೆದರು. ನಮ್ಮ ಓಟಗಾರ, ವರ್ಷವಿಡೀ ಒಂದು ಸಲವೂ ಚೆಂಡು ಬಿಡದವನು, ಯಾರೂ ಮುಟ್ಟದಿದ್ದರೂ ಚೆಂಡು ಬಿಟ್ಟ, ಅದು ಅವರ ಪಾಲಾಯಿತು. ಕೊನೆಯ ಗಳಿಗೆಯಲ್ಲಿ ಅವರ ಉದ್ದನೆಯ ಹುಡುಗನೊಬ್ಬ ಮೂವರ ನಡುವೆ ಜಿಗಿದು ಚೆಂಡು ಹಿಡಿದ, ಮತ್ತೆ ಏಳು ಅಂಕ. ಇಪ್ಪತ್ತೆಂಟು, ಇಪ್ಪತ್ತೇಳು. ನಾನು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡೆ. ಬೆರಳಲ್ಲಿದ್ದ ಕೀಲಿಕೈ ಜಾರಿ, ಕೂರುವ ಹಲಗೆಗಳ ಸಂದಿಯಿಂದ ಕೆಳಗೆ ಬಿತ್ತು.

ಹಿಂದಿನ ಸಾಲಿನ ಮಿಸೆಸ್ ಒಪಾಲ್, ಎಂಬತ್ತು ದಾಟಿದವರು, ನನ್ನ ಭುಜ ತಟ್ಟಿದರು. "ಮಗಾ, ಮುಂದಿನ ವರ್ಷ ಬರೋವಾಗ ನಡ್ಕೊಂಡು ಬಾ" ಎಂದರು. ಇಡೀ ಸಾಲು ನಕ್ಕಿತು. ನನಗೆ ಮಾತ್ರ ಅಳು ಬರುವ ಹಾಗಿತ್ತು. ಮೂವತ್ತೆರಡು ವರ್ಷದ ಗಂಡಸು, ಕಾಲೇಜು ಹುಡುಗರ ಆಟಕ್ಕೆ ಹೀಗಾಗುವುದೇ ಎಂದು ನೀನು ಕೇಳಬಹುದು. ಆಗುತ್ತದೆ. ನಿನಗೂ ಆಗುತ್ತದೆ, ನೋಡುತ್ತಿರು.

ಅಜ್ಜ ಬೈಯುತ್ತಲೇ ಕೆಳಗಿಳಿದು ಹುಡುಕಲು ಹೋದರು. ಗ್ಯಾಲರಿ ಖಾಲಿಯಾಯಿತು. ಚಳಿಯಲ್ಲಿ ನಾವಿಬ್ಬರೇ ಕೂತೆವು. ನಿನ್ನ ಅಮ್ಮ ಗೆದ್ದವಳ ಹಾಗೆ ಕುಣಿಯಲಿಲ್ಲ. "ನಿಂಗೆ ಅಷ್ಟೊಂದು ಬೇಜಾರಾದ್ರೆ ಕೆಂಪು ಟೋಪಿನೇ ಹಾಕೋಣ ಕಣೋ" ಎಂದಳು. ಆ ಮಾತಿಗೆ ನನಗೆ ಇನ್ನಷ್ಟು ನಾಚಿಕೆಯಾಯಿತು. ಬೇಡ, ಸೋತದ್ದು ಸೋತದ್ದೇ ಎಂದೆ.

ಇನ್ನೊಂದು ಮಾತು ನಿನಗೆ ಹೇಳಬೇಕು. ನೀನು ಒದೆಯುತ್ತೀಯ ಎಂದು ಅವಳು ದಿನಾ ಹೇಳುತ್ತಾಳೆ. ನಾನು ಕೈಯಿಟ್ಟರೆ ಮಾತ್ರ ನೀನು ಗಪ್‌ಚುಪ್. ನಿನ್ನೆಯವರೆಗೆ ಒಂದು ಸಲವೂ ನನಗೆ ಸಿಕ್ಕಿರಲಿಲ್ಲ.

ಅಜ್ಜ ಮೆಟ್ಟಿಲು ಹತ್ತಿ ಬಂದರು. ಮೊಣಕಾಲೆಲ್ಲ ಕೆಸರು, ಕೈಯಲ್ಲಿ ಯಾರೋ ಚೆಲ್ಲಿದ ಚೀಸ್ ಮೆತ್ತಿಕೊಂಡ ಕೀಲಿಕೈ. "ತಗೊಳ್ಳಪ್ಪ, ಪುಣ್ಯಾತ್ಮ! ಈಗ ಅಲ್ಲಾಡ್ಸು!" ಎಂದು ನನ್ನ ಮುಖದ ಮುಂದೆ ಗಲಗಲ ಆಡಿಸಿದರು. ಶೆಲ್ಬಿ ತಟ್ಟನೆ ನನ್ನ ಕೈ ಎಳೆದು ಹಸಿರು ಸ್ವೆಟರಿನ ಮೇಲೆ ಒತ್ತಿಕೊಂಡಳು. ನೀನು ಒದ್ದೆ. ಅಜ್ಜ ಮತ್ತೆ ಆಡಿಸಿದರು, ನೀನು ಮತ್ತೆ ಒದ್ದೆ. ಆಮೇಲೆ ಅಜ್ಜನೂ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಆಡಿಸುತ್ತ ನಿಂತುಬಿಟ್ಟರು. ಖಾಲಿ ಗ್ಯಾಲರಿಯಲ್ಲಿ ಸೋತ ಇಬ್ಬರು ಗಂಡಸರು ಹಾಗೆ ನಗುತ್ತಿದ್ದುದನ್ನು ನೋಡಿ, ಕಸ ಗುಡಿಸುವವನು ಪೊರಕೆ ನಿಲ್ಲಿಸಿ, "ನಿಜವಾಗ್ಲೂ ಸೋತಿದ್ದು ನೀವೇ ತಾನೇ?" ಎಂದು ಕೇಳಿದ.

ಇವತ್ತು ಭಾನುವಾರ. ಅಜ್ಜ ಬೆಳಿಗ್ಗೆಯೇ ಹಸಿರು ಉಣ್ಣೆ ತಂದಿದ್ದಾರೆ. ಹೆಣಿಗೆ ಅವರಮ್ಮ ಕಲಿಸಿದ್ದು. "ಅಂಗಡಿ ಟೋಪಿ ಹಾಕಿದ್ರೆ ಮಗೂಗೆ ಕಿವಿ ಚುಚ್ಚತ್ತೆ" ಎನ್ನುತ್ತ, ಸುತ್ತಿಗೊಂದು ಬೈಗುಳದಂತೆ ಹಾರ್ಲೋ ಕಾಲೇಜನ್ನು ಬೈಯುತ್ತ ಹೆಣೆಯುತ್ತಿದ್ದಾರೆ. ಅರ್ಧ ಟೋಪಿ ಆಗಿದೆ. ಚೆನ್ನಾಗಿಯೂ ಇದೆ, ಅದನ್ನು ಅಮ್ಮನಿಗೆ ಹೇಳಬೇಡ.

ಹಸಿರಲ್ಲೇ ಬಾ ಕಂದಾ, ಸುಖವಾಗಿ ಬಾ. ಬರುವ ವರ್ಷ ಹಾರ್ಲೋ ಪಂದ್ಯಕ್ಕೆ ನೀನು ನನ್ನ ತೊಡೆಯ ಮೇಲಿರುತ್ತೀಯ, ಕೀಲಿಕೈ ನಿನ್ನ ಕೈಯಲ್ಲಿರುತ್ತದೆ. ಗಡಿಯಾರ ನೋಡಬೇಡ, ಅಜ್ಜ ಕೂಗಿದರೂ ನಿಲ್ಲಿಸಬೇಡ. ಮೊದಲ ನಿಮಿಷದಿಂದಲೇ ಅಲ್ಲಾಡಿಸು. ಪಂದ್ಯ ಹೋದರೆ ಹೋಗಲಿ.

ನೂರು ವರ್ಷ ಹೀಗೇ ಒದೆಯುತ್ತಿರು ಎಂದು ಹರಸುವ,
ನಿನ್ನನ್ನು ನೋಡುವ ಮೊದಲೇ ನಿನಗೆ ಸೋತ,
ಅಪ್ಪ ಗ್ಯಾರೆಟ್